ಕಣ್ಣಳತೆ

ಅಲಮಾರಿನ ಮೂರನೇ ಖಾನೆಯನ್ನೂ ತಂಗಿ ನೆಲಕ್ಕೆ ಸುರಿದಳು. ಎಲ್ಲವೂ ಗಿರಾಕಿಗಳ ಬಟ್ಟೆ. ಬೀದಿಗೆಲ್ಲ ಹೊಲಿದುಕೊಟ್ಟವಳಿಗೆ ಮಣ್ಣಿಗೆ ಹೋಗುವಾಗ ಹಾಕಲು ಒಂದು ಒಳ್ಳೆ ಬಟ್ಟೆ ಇಲ್ಲವೆಂದರೆ ಏನು ಹೇಳೋಣ. ಅಂಗಡಿಯಲ್ಲಿ ಬಟ್ಟೆ ಕತ್ತರಿಸುವ ಮೇಜಿನ ಮೇಲೆಯೇ ಅಕ್ಕನನ್ನು ಮಲಗಿಸಿದ್ದರು.

ಪಕ್ಕದ ಇಸ್ತ್ರಿ ಅಂಗಡಿಯ ಮುದುಕ ಹತ್ತಿರ ಬಂದ.

"ಶ್ರದ್ಧಾಂಜಲಿ ಬೋರ್ಡಲ್ಲಿ ಫೋಟೋ ಕೆಳಗೆ ಏನ್ ಬರೆಸ್ಲಿ ಅಮ್ಮಾ? ಪ್ರಾಮಾಣಿಕರು ಅಂತಲೋ, ನಿಷ್ಠಾವಂತರು ಅಂತಲೋ? ನನ್ನ ಕೇಳಿದ್ರೆ, ನಿಯತ್ತಿನ ಹೆಂಗಸು ಅಂತ."

"ಕಡ್ಡಿ ಮುರಿದ ಹಾಗೆ ಮಾತಾಡಿ ಎಲ್ಲರನ್ನೂ ಕಳ್ಕೊಂಡವಳು ಅಂತ ಬರೆಸಿ."

ಮಣ್ಣಿಗೆ ಬಂದಿದ್ದ ನಾಲ್ಕೇ ಜನರ ಕಡೆ ಮುದುಕ ನೋಡಿದ. "ಅಷ್ಟುದ್ದ ಬೋರ್ಡಲ್ಲಿ ಹಿಡಿಸಲ್ಲ," ಎಂದ.

*

ಏಳು ವರ್ಷದ ಹಿಂದೆ ತಂಗಿಯ ಗಂಡ ಇಲ್ಲಿಗೆ ಬಂದು, "ನಿನ್ನೆ ಸಂಜೆ ನಾನು ನಿಮ್ಮ ಅಂಗಡೀಲೇ ಇದ್ದೆ ಅಂದ್ಬಿಡಿ ಅಕ್ಕಾ," ಎಂದು ಗೋಗರೆದಿದ್ದ. ಆಮೇಲೆ ತಂಗಿ ಬಂದು, ಅವನು ನಿಜಕ್ಕೂ ಇಲ್ಲಿದ್ದನೇ ಎಂದು ಕೇಳಿದಳು. ಅಕ್ಕ ಹೊಲಿಯುತ್ತಲೇ ಹೇಳಿದಳು.

"ಬಂದಿರಲಿಲ್ಲ ಕಣೇ."

"ಒಂದ್ ಸುಳ್ಳು ಹೇಳಿದ್ರೆ ನಿನ್ನ ಗಂಟೇನು ಹೋಗ್ತಿತ್ತು?"

"ಕೇಳಿದ್ದು ನೀನಲ್ವಾ?"

ಗಂಡನನ್ನು ತಂಗಿ ಕ್ಷಮಿಸಿದಳು. ಅಕ್ಕನನ್ನು ಕ್ಷಮಿಸಲಿಲ್ಲ. ಎದುರಿನ ಫುಟ್‌ಪಾತಿನಲ್ಲಿ ದಿನವೂ ಓಡಾಡಿದಳೇ ಹೊರತು ಈ ಹೊಸ್ತಿಲು ತುಳಿಯಲಿಲ್ಲ.

*

ಸಿಟ್ಟು ಇನ್ನೂ ಇತ್ತು. ಇನ್ನು ಅದನ್ನು ತೋರಿಸಲು ಯಾರೂ ಇಲ್ಲವೆಂಬುದೇ ಸಂಕಟ. ಅಕ್ಕ ತನ್ನನ್ನು ಪೂರಾ ಮರೆತೇ ಹೋದಳೇ? ಅದೊಂದು ಗೊತ್ತಾದರೆ ಸಾಕಿತ್ತು.

ಕೊನೆಯ ಖಾನೆಯಲ್ಲಿ ಅಳತೆ ಪುಸ್ತಕವಿತ್ತು. 'ತಂಗಿ' ಎಂಬ ಪುಟದಲ್ಲಿ ಏಳು ವರ್ಷಕ್ಕೆ ಏಳು ಸಾಲು. ಸೊಂಟ ಮೂವತ್ತೆರಡರಿಂದ ಶುರುವಾಗಿ ಮೂವತ್ತೈದಕ್ಕೆ ಬಂದಿತ್ತು. ಪ್ರತಿ ಸಾಲಿನ ಪಕ್ಕ ಒಂದೇ ಮಾತು: ಕಣ್ಣಳತೆ.

"ನೀವು ಎದುರುಗಡೆ ಹೋಗುವಾಗ ನಿಮ್ಮಕ್ಕ ಮಿಷನ್ ನಿಲ್ಲಿಸಿ ನೋಡೋರು," ಎಂದ ಮುದುಕ. "ಟೇಪ್ ಇಡದೆ ಬರೆಯೋದು ಮೋಸ ಅಲ್ವಾ ಟೇಪಕ್ಕಾ ಅಂತ ರೇಗಿಸ್ತಿದ್ದೆ. ಅದಕ್ಕೇ ಪಕ್ಕದಲ್ಲಿ ಕಣ್ಣಳತೆ ಅಂತ ಬರ್ದಿದೀನಲ್ಲ ಅನ್ನೋರು."

"ಒಂದ್ಸಲ ಕರೀಬಹುದಿತ್ತಲ್ಲ ನನ್ನ."

"ಕರೆದಿದ್ರೆ ಬರ್ತಿದ್ರಾ?"

ತಂಗಿ ಹೌದೆನ್ನಲು ಬಾಯಿ ತೆರೆದಳು. ಆಗಲಿಲ್ಲ. "ಇಲ್ಲ," ಎಂದಳು.

ಹೊರಗೆ ಗಾಡಿ ಬಂದು ನಿಂತಿತು. "ಹಾಕಿರೋ ಬಟ್ಟೆಯಲ್ಲೇ ಕಳಿಸೋಣ, ಬನ್ನಿ," ಎಂದ ಮುದುಕ.

ತಂಗಿ ಮೊಳೆಯಲ್ಲಿದ್ದ ಟೇಪನ್ನು ತೆಗೆದು, ನಾಲ್ಕು ಜನರ ಎದುರಿಗೇ ತನ್ನ ಸೊಂಟಕ್ಕೆ ಸುತ್ತಿದಳು. ಮೂವತ್ತೇಳು. "ಎರಡಿಂಚು ಕಮ್ಮಿ ಬರ್ದಿದೀಯಲ್ಲೇ," ಎಂದು ಅಕ್ಕನಿಗೆ ಹೇಳಿ, ಎಂಟನೇ ಸಾಲಿನಲ್ಲಿ ಅದನ್ನು ಬರೆದಳು. ಮುಂದಿನ ಅಂಕಣ ಬೆನ್ನಿನದು. ಟೇಪಿನ ಒಂದು ತುದಿಯನ್ನು ಭುಜದ ಮೇಲಿಟ್ಟು, ಇನ್ನೊಂದನ್ನು ಹಿಂದಿನಿಂದ ಹಿಡಿಯಲು ಹೋದಳು. ಜಾರಿತು. ಮತ್ತೆ ಇಟ್ಟಳು. ಮತ್ತೆ ಜಾರಿತು.