ಡ್ರ್ಯಾಗನ್ನಿನ ಹಲ್ಲುಸೆಟ್ಟು

ಹನ್ನೆರಡು ವರ್ಷಗಳಲ್ಲಿ ಹಲ್ಲಿನ ಮೇಸ್ತ್ರಿ ಕಡಿಮೆಯೆಂದರೂ ನಾನೂರು ಸಲ ಸತ್ತಿದ್ದ. ಭಾನುವಾರ ಬಂತೆಂದರೆ ಮುಖಕ್ಕೆ ಹಸಿರು ಬಣ್ಣ ಬಳಿದುಕೊಂಡು, ಗೋಣಿಯ ಮೇಲಂಗಿ ಹೊದ್ದು, ಮುಚ್ಚಿಹೋದ ಹೆಂಚಿನ ಕಾರ್ಖಾನೆಯ ಅಂಗಳಕ್ಕೆ ಹೋಗುವುದು, ಸ್ಪಂಜಿನ ಕತ್ತಿಯ ಮೊದಲ ಏಟಿಗೇ ಉರುಳುವುದು, ಯುದ್ಧ ಮುಗಿಯುವ ತನಕ ಇರುವೆ ಕಚ್ಚಿದರೂ ಮಿಸುಕದೆ ಬಿದ್ದಿರುವುದು. ರಾಜ-ಯುದ್ಧಗಳ ಆಟವಾಡುವ ಆ ಭಾನುವಾರದ ಕ್ಲಬ್ಬಿನಲ್ಲಿ ಅವನ ಪದವಿ ‘ಮೂರನೇ ಗವಿಭೂತ’. ಒಂದನೆಯದೂ ಎರಡನೆಯದೂ ಸೊಂಟನೋವೆಂದು ಬಿಟ್ಟುಹೋಗಿ ವರ್ಷಗಳಾಗಿದ್ದವು. ಆದರೂ ಇವನಿಗೆ ಬಡ್ತಿ ಸಿಕ್ಕಿರಲಿಲ್ಲ.

ವಾರವೆಲ್ಲ ವಿಮೆ ಮಾರುವವರು, ಲೆಕ್ಕ ಬರೆಯುವವರು, ಬಸ್ಸು ಓಡಿಸುವವರು ಭಾನುವಾರ ಅಲ್ಲಿ ಸೇರಿ ಎಂದೂ ಇಲ್ಲದಿದ್ದ ಒಂದು ಹಳೆಯ ರಾಜ್ಯವನ್ನು ಆಳುತ್ತಿದ್ದರು. ಎಲ್ಲರೂ ಒಂದೇ ಸಮನೆ ಮಾತಾಡುತ್ತಿದ್ದರು. ಗವಿಭೂತಗಳಿಗೆ ಮಾತ್ರ ಮನುಷ್ಯರ ಭಾಷೆ ಬರುವುದಿಲ್ಲ ಎಂಬ ಕಾನೂನು. ಬದುಕಿದ್ದಾಗ ‘ಗುರ್’ ಎನ್ನಬಹುದು. ಸತ್ತ ಮೇಲೆ ಅದೂ ಇಲ್ಲ.

ಮೇಸ್ತ್ರಿಗೆ ಇದು ನುಂಗಲಾರದ ತುತ್ತಾಗಿತ್ತು. ಉಳಿದ ಆರು ದಿನವೂ ಅವನು ದಂತವೈದ್ಯರ ಕ್ಲಿನಿಕ್ಕಿನ ಹಿಂದಿನ ಕೋಣೆಯಲ್ಲಿ ಹಲ್ಲುಸೆಟ್ಟು ಕಟ್ಟುತ್ತ ಕೂತಿರುತ್ತಿದ್ದ. ಗೋಡೆಯುದ್ದಕ್ಕೂ ಪ್ಲಾಸ್ಟರಿನ ದವಡೆಗಳು, ಎಲ್ಲವೂ ಬಾಯಿ ತೆರೆದುಕೊಂಡಿದ್ದರೂ ಒಂದೂ ಮಾತಾಡುವುದಿಲ್ಲ. ಹೆಂಡತಿಯದು ಬೇರೆ ಅದೃಷ್ಟ. ಆಕೆ ಆ ರಾಜ್ಯದ ಅರಮನೆಯ ಬರಹಗಾರ್ತಿ. ರಾಜಾಜ್ಞೆಯೊಂದೂ ಬಿಡದಂತೆ ಕಡತಕ್ಕೆ ಏರಿಸುವುದು ಅವಳ ಕೆಲಸ. ಮನೆಗೆ ಬಂದು, “ಇವತ್ತು ಮಂತ್ರಿಗೂ ನನಗೂ ಏನು ಜಟಾಪಟಿ ಅಂತೀರಾ!” ಎಂದು ಶುರುಮಾಡಿದಳೆಂದರೆ, “ಗೊತ್ತು ಕಣೇ, ನಾನು ಅಲ್ಲೇ ಸತ್ತು ಬಿದ್ದಿದ್ದೆ” ಎನ್ನುವುದು ಬಿಟ್ಟು ಅವನಿಗೆ ಇನ್ನೇನೂ ಹೇಳಲು ಇರುತ್ತಿರಲಿಲ್ಲ.

ಇದರಿಂದ ಪಾರಾಗಲು ಇದ್ದದ್ದು ಒಂದೇ ದಾರಿ. ವರ್ಷಕ್ಕೊಮ್ಮೆ ನಡೆಯುವ ಕೈಕಸುಬಿನ ಸ್ಪರ್ಧೆಯಲ್ಲಿ ಗೆದ್ದವರು ರಾಜನ ಹತ್ತಿರ ಒಂದು ವರ ಕೇಳಬಹುದು. ಮೇಸ್ತ್ರಿ ಕೇಳಬೇಕೆಂದಿದ್ದು ರಾಯಭಾರಿಯ ಪಾತ್ರ. ರಾಯಭಾರಿಗೆ ಯುದ್ಧವಿಲ್ಲ, ಸಾವಿಲ್ಲ, ಬರೀ ಮಾತು. ಮೊದಲ ಭಾಷಣವನ್ನು ಅವನು ಕನ್ನಡಿಯ ಮುಂದೆ ಎಷ್ಟು ಸಲ ಒಪ್ಪಿಸಿದ್ದನೆಂದರೆ ಹೆಂಡತಿಗೂ ಬಾಯಿಪಾಠವಾಗಿಹೋಗಿತ್ತು.

ಈ ಸಲ ಅವನು ಕೋಟೆ ಬಾಗಿಲು ತಟ್ಟುವುದಕ್ಕೆಂದು ಹಿತ್ತಾಳೆಯ ಡ್ರ್ಯಾಗನ್ ತಲೆಯೊಂದನ್ನು ಮಾಡಿದ್ದ. ತೆಂಗಿನಕಾಯಿ ಗಾತ್ರದ ತಲೆ, ಅಗಲವಾಗಿ ತೆರೆದ ಬಾಯಿ, ಕೆಳಗೆ ತಟ್ಟುವ ಬಳೆ. ಮೇಣದಲ್ಲಿ ರೂಪ ತಿದ್ದಿ, ಸುತ್ತ ಮಣ್ಣು ಮೆತ್ತಿ, ಮೇಣ ಕರಗಿಸಿ ಹರಿಸಿ, ಪರಿಚಯದವನ ಕುಲುಮೆಯಲ್ಲಿ ಹಿತ್ತಾಳೆಯನ್ನು ತಾನೇ ಸುರಿದಿದ್ದ. ಎರಡು ಸಲ ಬಿರುಕು ಬಿಟ್ಟು, ಮೂರನೆಯ ಸಲಕ್ಕೆ ಕೂತಿತ್ತು. ಹುರುಪೆಗಳು ಒಂದೊಂದೂ ಎಣಿಸುವ ಹಾಗಿದ್ದವು. ಸ್ಪರ್ಧೆಯ ಬೆಳಿಗ್ಗೆ ಅದನ್ನು ಮೇಜಿನ ಮೇಲಿಟ್ಟ ಮೇಲೆ, ಬಿಸಿಲು ನೇರ ಅದರ ಬಾಯೊಳಗೆ ಬಿದ್ದಾಗಲೇ ಮೇಸ್ತ್ರಿ ಹಲ್ಲುಗಳನ್ನು ಸರಿಯಾಗಿ ಗಮನಿಸಿದ್ದು.

ಡ್ರ್ಯಾಗನ್ನಿಗೆ ಕೋರೆಹಲ್ಲೇ ಇರಲಿಲ್ಲ. ಮೇಲೆ ಹದಿನಾಲ್ಕು, ಕೆಳಗೆ ಹದಿನಾಲ್ಕು, ಲಕ್ಷಣವಾದ ಮನುಷ್ಯನ ಹಲ್ಲುಗಳು. ಇಪ್ಪತ್ತು ವರ್ಷ ಅದನ್ನೇ ಮಾಡಿದ ಬೆರಳುಗಳು ಅವನನ್ನು ಕೇಳದೆಯೇ ಹಲ್ಲುಸೆಟ್ಟು ಕಟ್ಟಿಬಿಟ್ಟಿದ್ದವು. ಅಷ್ಟೇ ಆಗಿದ್ದರೆ ನಕ್ಕು ಸುಮ್ಮನಾಗಬಹುದಿತ್ತು. ಮುಂದಿನ ಎರಡು ಹಲ್ಲುಗಳ ನಡುವೆ ಸಂದು, ಎಡಗಡೆಯ ಒಂದು ಹಲ್ಲು ಪಕ್ಕದ್ದರ ಹೆಗಲೇರಿ ಕೂತಿದೆ. ಅವು ಸಾಕ್ಷಾತ್ ರಾಜನ ಹಲ್ಲುಗಳು.

ರಾಜನೆಂದರೆ ಊರಿನ ದೊಡ್ಡ ಸೋಫಾ ಅಂಗಡಿಯ ಯಜಮಾನರು. ಅಂಗಡಿಯ ಬೋರ್ಡಿನ ಮೇಲೆ ಸೋಫಾಕ್ಕಿಂತ ದೊಡ್ಡದಾಗಿ ಅವರ ನಗುವೇ ಇತ್ತು. ಮೂರು ತಿಂಗಳ ಹಿಂದೆ ಹಲ್ಲೆಲ್ಲ ತೆಗೆಸಿಕೊಂಡಾಗ, ತಂಗಿಯ ಮನೆಗೆ ಹೋಗುತ್ತೇನೆಂದು ಊರಿಗೆಲ್ಲ ಸುಳ್ಳು ಹೇಳಿ, ಮುಖಕ್ಕೆ ಕರವಸ್ತ್ರ ಕಟ್ಟಿಕೊಂಡು ಹಿಂದಿನ ಬಾಗಿಲಿನಿಂದ ಮೇಸ್ತ್ರಿಯ ಕೋಣೆಗೆ ಬಂದಿದ್ದರು. “ಹಳೇ ನಗುವೇ ಬೇಕು ಕಣಯ್ಯಾ. ಸಂದು, ಸೊಟ್ಟು, ಎಲ್ಲಾ ಹಾಗೇ ಇರ್ಬೇಕು. ನನ್ನ ಹೆಂಡ್ತಿಗೂ ಗೊತ್ತಾಗ್ಬಾರ್ದು” ಎಂದು ಆಣೆ ಹಾಕಿಸಿಕೊಂಡಿದ್ದರು. ನಾಲ್ಕು ಸಲ ಬಿಚ್ಚಿ ಕಟ್ಟಿಸಿದ್ದರು. ಅಷ್ಟು ಹೊತ್ತಿಗೆ ಮೇಸ್ತ್ರಿಯ ಬೆರಳಿಗೆ ಆ ನಗು ಅಂಟಿಕೊಂಡುಬಿಟ್ಟಿತ್ತು.

ತೀರ್ಪುಗಾರ್ತಿ ನಿವೃತ್ತ ಡ್ರಾಯಿಂಗ್ ಟೀಚರು. ಆಯಮ್ಮ ಡ್ರ್ಯಾಗನ್ನಿನ ಬಾಯೊಳಗೆ ಭೂತಗನ್ನಡಿ ಇಟ್ಟು ನೋಡಿದರು. ಅಷ್ಟರಲ್ಲಿ ‘ಸರಪಳಿ’ ಬಂದ. ತಂತಿಯ ಉಂಗುರ ಹೆಣೆದು ಯೋಧರ ಅಂಗಿ ಮಾಡಿ ಮೂರು ವರ್ಷದಿಂದ ಅವನೇ ಗೆಲ್ಲುತ್ತಿದ್ದ, ವಾರದ ದಿನಗಳಲ್ಲಿ ವಿಮೆ ಏಜೆಂಟು. ಡ್ರ್ಯಾಗನ್ ನೋಡಿದ್ದೇ ಅವನ ಹೊಟ್ಟೆಗೆ ಬೆಂಕಿ ಬಿತ್ತು.

“ಟೀಚರೇ, ಇದು ಕೈಯಲ್ಲಿ ಮಾಡಿದ್ದಲ್ಲ. ಯಾವುದೋ ಅಂಗಡೀಲಿ ತಂದಿರೋದು. ಡ್ರ್ಯಾಗನ್ ಮಾಡೋಕೆ ಹೊರಟೋನು ಯಾರಾದ್ರೂ ಇಂಥ ಹಲ್ಲಿಡ್ತಾನಾ? ಕೇಳಿ, ಯಾರನ್ನ ನೋಡಿ ಮಾಡಿದ್ದು ಅಂತ!”

ಕೇಳುವುದು ನಿಯಮವೂ ಆಗಿತ್ತು. ಯಾವ ಮಾದರಿ ನೋಡಿ ಮಾಡಿದ್ದೆಂದು ಹೇಳದವರ ವಸ್ತು ಮೇಜಿನಿಂದ ಕೆಳಗಿಳಿಯುತ್ತದೆ. ಉತ್ತರ ಹೇಳಲೆಂದೇ ಆ ಒಂದು ದಿನ ಗವಿಭೂತಕ್ಕೂ ಬಾಯಿ ಬಿಡಲು ಅಪ್ಪಣೆಯಿತ್ತು.

“ಹೇಳಪ್ಪಾ, ಯಾರ ಹಲ್ಲಿದು?” ಎಂದರು ಟೀಚರು.

ಮೇಸ್ತ್ರಿ ನೆಲ ನೋಡಿದ. ಹೇಳಿದರೆ ಗೆಲುವು, ರಾಯಭಾರಿ ಪಾತ್ರ, ಬಾಯ್ತುಂಬ ಮಾತು. ಹೇಳದಿದ್ದರೆ ಇನ್ನೊಂದು ವರ್ಷ ಇರುವೆಗಳ ಜೊತೆ. ಅವನಿಗೆ ಅಳು ಬರುವ ಹಾಗಾಯಿತು. ಆದರೂ ಆಣೆ ಮುರಿಯಲು ಮನಸ್ಸಾಗಲಿಲ್ಲ.

“ಹೇಳ್ರೀ! ದಿನಾ ಮೇಣ ಮೆತ್ಕೊಂಡು ಕೂತಿರ್ಲಿಲ್ವಾ?” ಎಂದು ಹೆಂಡತಿ ಕಡತ ಹಿಡಿದುಕೊಂಡೇ ಒದರಿದಳು.

“ಗುರ್” ಎಂದ ಮೇಸ್ತ್ರಿ.

“ಇಳಿಸಿ ಹಾಗಾದ್ರೆ” ಎಂದರು ಟೀಚರು, ಬೇಸರದಿಂದಲೇ.

ಅಷ್ಟು ಹೊತ್ತಿಗೆ ಗಲಾಟೆ ಕೇಳಿ ರಾಜರೇ ಸಿಂಹಾಸನ ಬಿಟ್ಟು ಬಂದರು. ಬಗ್ಗಿ ಡ್ರ್ಯಾಗನ್ನಿನ ಬಾಯೊಳಗೆ ನೋಡಿದರು. ನೋಡುತ್ತಿದ್ದಂತೆ ಅವರ ನಾಲಿಗೆ ಮುಚ್ಚಿದ ತುಟಿಯೊಳಗೆ ಎಡಗಡೆಗೆ ಸರಿದದ್ದು ಮೇಸ್ತ್ರಿಗೆ ಕಂಡಿತು. ರಾಜರು ಅವನ ಮುಖ ನೋಡಿದರು.

“ಕೈಲಿರೋ ಗೆಲುವು ಬಿಟ್ಟೆಯೇ ಹೊರತು ಬಾಯಿ ಬಿಡ್ಲಿಲ್ವಲ್ಲಯ್ಯಾ ನೀನು” ಎಂದರು ಮೆಲ್ಲಗೆ. ಆಮೇಲೆ ಸಭೆಗೆಲ್ಲ ಕೇಳುವಂತೆ, “ಇದು ನನ್ನ ನಗು. ಅಂಗಡೀಲಿ ಸಿಗೋದಲ್ಲ. ನನಗೂ ಇವನೇ ಮಾಡ್ಕೊಟ್ಟಿದ್ದು. ನೋಡ್ಕೊಳ್ಳಿ!” ಎಂದವರೇ, ಕಿರೀಟಧಾರಿಯಾಗಿ, ಸಕಲ ಪ್ರಜೆಗಳ ಸಮ್ಮುಖದಲ್ಲಿ ಮೇಲಿನ ಸೆಟ್ಟನ್ನೂ ಕೆಳಗಿನ ಸೆಟ್ಟನ್ನೂ ಕಿತ್ತು ಡ್ರ್ಯಾಗನ್ನಿನ ಪಕ್ಕದಲ್ಲಿಟ್ಟರು.

ಸಂದಿಗೆ ಸಂದು, ಸೊಟ್ಟಿಗೆ ಸೊಟ್ಟು. ಸರಪಳಿಯ ಮುಖ ಸುಟ್ಟ ಬದನೆಕಾಯಿಯಂತಾಯಿತು. ಟೀಚರು ಮೇಸ್ತ್ರಿಯ ಕೈಯೆತ್ತಿ ಹಿಡಿದರು. ರಾಜರು ಕೈಸನ್ನೆಯಲ್ಲೇ, ಕೇಳು, ಏನು ಬೇಕೋ ಕೇಳು, ಎಂದರು.

ಮೇಸ್ತ್ರಿಯ ಭಾಷಣ ಗಂಟಲ ತನಕ ಬಂದಿತ್ತು. ಆದರೆ ಅವನ ಕಣ್ಣು ರಾಜನ ಬಾಯಿಗೆ ಹೋಯಿತು. ಬೋರ್ಡಿನ ಮೇಲೆ ಅಷ್ಟು ದೊಡ್ಡದಾಗಿದ್ದ ಮುಖ ಈಗ ಗಾಳಿ ಹೋದ ಬಲೂನಿನಷ್ಟಾಗಿತ್ತು. ಹಿಂದಿನ ಸಾಲಿನಲ್ಲಿ ಯಾರೋ ಕಿಸಕ್ಕೆಂದರು. ಮಹಾರಾಣಿ, ಅಂದರೆ ರಾಜರ ಹೆಂಡತಿಯೇ, ಬಾಯಿಗೆ ಸೆರಗು ಒತ್ತಿಕೊಂಡಿದ್ದರು. ಮೇಸ್ತ್ರಿಗೆ ತಡೆಯಲಾಗಲಿಲ್ಲ. ಗೋಣಿಯ ಮೇಲಂಗಿಯನ್ನು ಅಗಲಿಸಿ, ರಾಜನಿಗೂ ಪ್ರಜೆಗಳಿಗೂ ನಡುವೆ ಪರದೆಯಂತೆ ನಿಂತು ಹೇಳಿದ:

“ಮೊದ್ಲು ಹಲ್ಲು ಹಾಕ್ಕೊಳ್ಳಿ ಸರ್.”

ಬರಹಗಾರ್ತಿ ಅಭ್ಯಾಸಬಲದಿಂದ ಅದನ್ನೇ ವರವೆಂದು ಬರೆದುಬಿಟ್ಟಳು. ಬರೆದ ಮೇಲೆ ಹಣೆ ಚಚ್ಚಿಕೊಂಡಳು. ಕಡತಕ್ಕೆ ಏರಿದ್ದನ್ನು ಹೊಡೆದುಹಾಕುವಂತಿರಲಿಲ್ಲ. “ಇದೊಂದು ಮಾತಿಗೋಸ್ಕರ ಹನ್ನೆರಡು ವರ್ಷ ಕಾದ್ರಾ?” ಎಂದು ಗಂಡನನ್ನು ಕೇಳಿದಳು. ಮೇಸ್ತ್ರಿಗೆ ದುಃಖವಾಗಿತ್ತು, ಸುಳ್ಳೇಕೆ. ಆದರೆ ತಿರುಗಿ ಆಡುವ ಅವಕಾಶ ಕೊಟ್ಟಿದ್ದರೂ ಅವನ ಬಾಯಿಂದ ಅದೇ ಮಾತು ಬರುತ್ತಿತ್ತು.

ಮಧ್ಯಾಹ್ನ ಎಂದಿನಂತೆ ಯುದ್ಧ. ಮೇಸ್ತ್ರಿ ಮೊದಲ ಏಟಿಗೇ ಬಿದ್ದ. ಸೇನೆಯೆಲ್ಲ ಅವನನ್ನು ದಾಟಿ ಮುನ್ನುಗ್ಗುತ್ತಿದ್ದಾಗ ರಾಜರು ಮಾತ್ರ ನಿಂತರು. ಕತ್ತಿ ಊರಿ ಪಕ್ಕದಲ್ಲಿ ಕುಕ್ಕರುಗಾಲಿನಲ್ಲಿ ಕೂತರು. ಸೇನೆಯೂ ಗಕ್ಕನೆ ನಿಂತಿತು.

“ಕೆಳಗಿನ ಸೆಟ್ಟು ಎಡಗಡೆ ಒತ್ತುತ್ತೆ ಕಣಯ್ಯಾ” ಎಂದರು ರಾಜರು, ಈಗ ಯಾವ ಗುಟ್ಟೂ ಇಲ್ಲದೆ, ಗಟ್ಟಿಯಾಗಿಯೇ.

ಹೆಣ ಕಣ್ಣು ಬಿಟ್ಟಿತು. “ಬಿಸಿ ಕಾಫಿ ಕುಡಿಯೋವಾಗ ಒತ್ತುತ್ತಾ, ಗಟ್ಟಿ ಪದಾರ್ಥ ಅಗಿಯೋವಾಗ ಒತ್ತುತ್ತಾ?”

“ಅಗಿಯೋವಾಗ.”

“ಹಾಗಾದ್ರೆ ಒಸಡು ಇನ್ನೂ ಇಳೀತಿದೆ, ಸರ್. ಗಾಬರಿ ಬೇಡ. ರಾತ್ರಿ ತೆಗೆದು ನೀರಲ್ಲಿ ಇಡ್ತೀರಾ? ಇಡ್ಬೇಕು. ಆಮೇಲೆ…” ಎಂದು ಹೆಣ ಮಾತಾಡತೊಡಗಿತು. ಅಂಗಾತ ಬಿದ್ದುಕೊಂಡೇ, ಕೈ ಆಡಿಸುತ್ತ, ಹದಿನೈದು ನಿಮಿಷ ಮಾತಾಡಿತು. ಎರಡೂ ಕಡೆಯ ಸೈನ್ಯ ಕತ್ತಿ ಇಳಿಸಿ ಸುತ್ತ ಕೂತು ಕೇಳಿತು. ಸರಪಳಿ ತನ್ನ ದವಡೆಯ ಒಂದು ನೋವಿನ ವಿಷಯ ಕೇಳಲು ಕೈಯೆತ್ತಿದ್ದ.