ಎಲ್ಲರಿಗೂ ಒಂದೇ ಲೋಟ

ದ್ರಾಕ್ಷಿ ತುಂಬಿದ ಬಟ್ಟೆಯ ಗಂಟನ್ನು ಮಾರಕ್ಕ ಎರಡೂ ಕೈಯಿಂದ ತಿರುಚಿದಳು. ಕಪ್ಪು ರಸ ಬೆರಳ ಸಂದಿಯಿಂದ ಪಾತ್ರೆಗೆ ಇಳಿಯಿತು. ಇನ್ನೊಂದು ಸುತ್ತು ತಿರುಚುವಷ್ಟರಲ್ಲಿ ಹಿಂದಿನಿಂದ ಮೂರ್ತಿ, "ಅತ್ತೆ, ಇವತ್ತು ಇನ್ನೊಂದು ಲೋಟ ಇಡು," ಎಂದ.

"ಇನ್ನೊಂದ್ಯಾಕೆ? ನಮ್ದು ಇರೋದೇ ಒಂದಲ್ವಾ?"

"ಹೊಸಬ್ರು ಬರ್ತಾರೆ. ಅವರಿಗೆ ಅಂತ ಹೊಸಾದು ತಂದಿದೀನಿ."

ಮೂರ್ತಿ ವಾರವೆಲ್ಲ ಸೋಂಪುರದಲ್ಲಿ ರೂಮು ಮಾಡಿಕೊಂಡು ಕಾರ್ಖಾನೆಯಲ್ಲಿ ಮೆಷಿನ್ ನಡೆಸುತ್ತಾನೆ. ಭಾನುವಾರ ಮಾತ್ರ ಊರಿಗೆ ಬಂದು, ದೇವನಹಳ್ಳಿ ಹತ್ತಿರದ ಚನ್ನರಾಯಪಟ್ಟಣದ ಆಚೆಗಿರುವ ಈ ಶೀಟಿನ ಮನೆಯಲ್ಲಿ ಪಾಸ್ಟರ್ ಆಗುತ್ತಾನೆ. ಮಾರಕ್ಕನ ಕೇರಿಯ ಹುಡುಗನೇ. ಮೂಗು ಸೋರಿಸಿಕೊಂಡು ಓಡಾಡುತ್ತಿದ್ದವನನ್ನು ಅವಳು ಸೊಂಟದ ಮೇಲೆ ಹೊತ್ತವಳು.

ಇಲ್ಲಿಗೆ ಪ್ರಾರ್ಥನೆಗೆ ಬರುವ ಇಪ್ಪತ್ತು ಮಂದಿಯೂ ಅದೇ ಕೇರಿಯವರು. ಊರೊಳಗಿನ ಹೋಟೆಲಿನಲ್ಲಿ ತಮ್ಮ ಲೋಟ ತಾವೇ ತೊಳೆದು ಗೂಡಿನಲ್ಲಿ ಬೋರಲು ಹಾಕಿದ್ದ ಕಾಲವನ್ನು ಕಂಡವರು. ಅದಕ್ಕೇ ಯೇಸುವಿನ ಕೊನೆಯ ಊಟದ ನೆನಪಿಗೆ ಮಾಡುವ ಪ್ರಭುವಿನ ಭೋಜನಕ್ಕೆ ಅವರದೇ ಒಂದು ಪದ್ಧತಿ. ರೊಟ್ಟಿಯ ಚೂರು ತಿಂದಮೇಲೆ ದ್ರಾಕ್ಷಿರಸದ ಒಂದೇ ಲೋಟ ಸುತ್ತುತ್ತದೆ. ಪಾಸ್ಟರ್ ಹಂಚುವುದಿಲ್ಲ. ಕುಡಿದವರು ಪಕ್ಕದವರ ಕೈಗೆ ಕೊಟ್ಟು "ನಿನಗೂ ಸೇರಿ" ಅನ್ನಬೇಕು, ಅವರು ಕುಡಿಯಬೇಕು. ಗಂಡಸರ ಸಾಲಿನ ಕೊನೆಯವನು ಹೆಂಗಸರ ಸಾಲಿನ ಮೊದಲಿನವಳಿಗೆ ಕೊಡುತ್ತಾನೆ. ಎದ್ದು ಓಡಾಡುವ ಕೆಲಸವಿರುವುದರಿಂದ ಆ ಮೊದಲ ಜಾಗ ಯಾವತ್ತೂ ಮಾರಕ್ಕನದು.

"ಯಾರೋ ಅದು, ಬೇರೆ ಲೋಟದಲ್ಲಿ ಕುಡಿಯೋ ಅಂಥ ಮಹಾರಾಜ?"

ಮೂರ್ತಿ ಕಿಟಕಿಯ ಕಡೆ ತಿರುಗಿ ಹೇಳಿದ. "ವೆಂಕಟರಾಯಪ್ಪನೋರು."

ಮಾರಕ್ಕನ ಕೈ ನಿಂತಿತು.

"ಗುರುವಾರ ರಜೆ ಹಾಕಿ ಬಂದಿದ್ದೆ, ಅವರ ಕೃಷಿ ಹೊಂಡದಲ್ಲೇ ದೀಕ್ಷಾಸ್ನಾನ ಆಯ್ತು. ಗಂಟಲಲ್ಲಿ ಗೆಡ್ಡೆ ಅತ್ತೆ. ಡಾಕ್ಟ್ರು ಕೈಬಿಟ್ಟವ್ರೆ. ಎರಡು ತಿಂಗಳಿಂದ ರಸ್ತೇಲಿ ಕಾರು ನಿಲ್ಲಿಸ್ಕೊಂಡು ನಮ್ಮ ಪ್ರಾರ್ಥನೆ ಕೇಳ್ತಿದ್ರು."

"ನನಗೆ ಒಂದು ಮಾತು ಹೇಳ್ಬೇಕು ಅನ್ನಿಸ್ಲಿಲ್ವಾ ನಿಂಗೆ?"

"ಹೇಳಿದ್ರೆ ಬೇಡ ಅಂತಿದ್ದೆ."

ಹೌದು, ಬೇಡವೆನ್ನುತ್ತಿದ್ದಳು. ಹನ್ನೆರಡು ವರ್ಷದ ಹಿಂದೆ ವೆಂಕಟರಾಯಪ್ಪನ ದ್ರಾಕ್ಷಿ ತೋಟದಲ್ಲಿ ಔಷಧಿ ಹೊಡೆಯುತ್ತಿದ್ದ ಅವಳ ಗಂಡ ಪಿಳ್ಳಣ್ಣನಿಗೆ ಹಾವು ಕಚ್ಚಿತ್ತು. ಪಂಪ್‌ಸೆಟ್ ಮನೆಯ ನೆರಳಿನಲ್ಲಿ ಯಜಮಾನರ ಹೊಸ ಕಾರು ನಿಂತಿತ್ತು. ಯಜಮಾನರು ಬೈಯಲಿಲ್ಲ, ಅಲಕ್ಷ್ಯವನ್ನೂ ಮಾಡಲಿಲ್ಲ. ಗಾಬರಿಯಿಂದಲೇ "ಟ್ರ್ಯಾಕ್ಟರ್ ತರ್ಸ್ರೋ, ಬೇಗ!" ಎಂದು ಕೂಗಿದರು. ಟ್ರ್ಯಾಕ್ಟರ್ ಪಕ್ಕದೂರಿಗೆ ಉಳಲು ಹೋಗಿತ್ತು. ಅದು ಬರುವ ತನಕ ಮಾರಕ್ಕ ಗಂಡನ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು ಆ ಕಾರನ್ನೇ ನೋಡುತ್ತ ಕೂತಿದ್ದಳು. ದೇವನಹಳ್ಳಿ ಆಸ್ಪತ್ರೆ ಮುಟ್ಟುವ ಮೊದಲೇ ಎಲ್ಲ ಮುಗಿಯಿತು. ಹೆಣಕ್ಕೆ ಹೊದಿಸಲು ಯಜಮಾನರು ಹೊಸ ಪಂಚೆ ಕಳಿಸಿದ್ದರು.

"ರಕ್ಷಣೆ ಎಲ್ರಿಗೂನಾ ಮೂರ್ತಿ?" ಎಂದಳು.

"ಎಲ್ರಿಗೂ ಅಂತಲೇ ಬರ್ದಿರೋದು. ಕೊನೇ ಗಳಿಗೇಲಿ ಕೇಳಿದ್ರೂ ದೇವರು ಬಾಗಿಲು ತೆಗೀತಾನೆ. ಇವ್ರಿಗೆ ರಕ್ಷಣೆ ಸಿಕ್ತು, ಅದ್ರಲ್ಲಿ ಅನುಮಾನ ಇಲ್ಲ."

"ನಾನು ದೀಕ್ಷೆಗೆ ನೀರಿಗಿಳಿದ ದಿವಸ ಒಂದು ಕೇಳಿದ್ದೆ, ಜ್ಞಾಪಕ ಐತಾ? ನನ್ನ ಗಂಡ ಯೇಸು ಅನ್ನೋ ಹೆಸರೇ ಕೇಳ್ದೆ ಸತ್ತ, ಅವನು ಎಲ್ಲವ್ನೆ ಅಂತ. ಅದು ದೇವರಿಗೇ ಗೊತ್ತು ಅಂದೆ."

"ಹೌದು ಅತ್ತೆ. ಅದು..."

"ಪಿಳ್ಳಣ್ಣನ ವಿಷಯ ದೇವರಿಗೇ ಗೊತ್ತು. ಯಜಮಾನ್ರ ವಿಷಯ ನಿಂಗೂ ಗೊತ್ತು. ಅಲ್ವೇನ್ಲಾ?"

ಮೂರ್ತಿ ಬೈಬಲ್ಲನ್ನು ಒಂದು ಕಂಕುಳಿಂದ ಇನ್ನೊಂದಕ್ಕೆ ಬದಲಾಯಿಸಿದ. ಅವನ ಹೊಳೆಯುವ ಹೊಸ ಲೋಟವನ್ನು ಮಾರಕ್ಕ ಎತ್ತಿ ಅದರೊಳಗೆ ಇಣುಕಿದಳು. ಬೆಲೆಯ ಚೀಟಿ ಇನ್ನೂ ಅಂಟಿಕೊಂಡಿತ್ತು.

"ಇದು ಯಾಕೋ ತಂದೆ, ನಿಜ ಹೇಳು."

"ಕಾಯಿಲೆಯೋರು ಅಂತ..."

"ಹೋದ ವರ್ಷ ನಮ್ಮ ಕೇರಿ ಅಂಜಿನಮ್ಮಂಗೆ ಟಿ.ಬಿ. ಇದ್ದಾಗ ತಂದಿದ್ಯಾ?"

ಮೂರ್ತಿಯ ಮುಖ ಕಪ್ಪಿಟ್ಟಿತು. ಅಂಗಡಿಯಲ್ಲಿ ನಿಂತಾಗ ಅವನು ಏನನ್ನೂ ಯೋಚಿಸಿರಲಿಲ್ಲ. ಯಜಮಾನರು ಬರುತ್ತಾರೆ ಎಂದೊಡನೆ ಕೈ ತಾನಾಗಿ ಚಾಚಿತ್ತು. ಅದು ಅವನಿಗೆ ಈಗ ಗೊತ್ತಾಯಿತು.

"ತಪ್ಪಾಯ್ತು ಅತ್ತೆ," ಎಂದ ಮೆಲ್ಲಗೆ.

"ಇವನೊಬ್ಬ ಪಾಸ್ಟ್ರು," ಎಂದು ಮಾರಕ್ಕ ಹೊಸ ಲೋಟವನ್ನು ಅಕ್ಕಿ ಡಬ್ಬದೊಳಗೆ ಹಾಕಿ ಮುಚ್ಚಿದಳು. "ಬರ್ಲಿ. ನಮ್ಮ ಲೋಟದಲ್ಲೇ ಕುಡೀಲಿ. ಅದ್ಹೆಂಗೆ ಕುಡೀತಾರೋ ನೋಡ್ತೀನಿ."

ಕುಡಿಯಲಾರರು ಎಂದೇ ಅವಳ ಎಣಿಕೆ. ಕೇರಿಯವರ ಬಾಯಿ ಮುಟ್ಟಿದ ಲೋಟ. ತುಟಿಯ ಹತ್ತಿರ ಬಂದಾಗ ಆ ಮುಖ ಒಂದು ಚೂರು ಹಿಂಡಿದರೂ ಸಾಕು, ಅವಳ ಹನ್ನೆರಡು ವರ್ಷದ ಸಿಟ್ಟಿಗೆ ಸಾಕ್ಷಿ ಸಿಕ್ಕಂತಾಗುತ್ತಿತ್ತು.

ವೆಂಕಟರಾಯಪ್ಪ ಬಂದಾಗ ಮಾತ್ರ ಅವಳಿಗೆ ಗುರುತೇ ಹತ್ತಲಿಲ್ಲ. ಅಂಗಿಯೊಳಗೆ ಮನುಷ್ಯನೇ ಇರಲಿಲ್ಲ. ತಲೆ ಬೋಳು, ಕತ್ತಿಗೆ ಟವೆಲ್ಲು. ಮೂರ್ತಿ ಕುರ್ಚಿ ತರಲು ಎದ್ದರೆ ಕೈಯಾಡಿಸಿ ಬೇಡವೆಂದು, ಗೋಡೆ ಹಿಡಿದುಕೊಂಡು ಗಂಡಸರ ಸಾಲಿನ ಚಾಪೆಯ ಕೊನೆಯಲ್ಲಿ ಕೂತರು. ಮಾರಕ್ಕನ ಪಕ್ಕಕ್ಕೆ.

ಹಾಡಾಯಿತು, ಪ್ರಾರ್ಥನೆಯಾಯಿತು. ರೊಟ್ಟಿಯ ಚೂರನ್ನು ವೆಂಕಟರಾಯಪ್ಪ ಬಹಳ ಹೊತ್ತು ಬಾಯಲ್ಲೇ ನೆನೆಸಿ ನುಂಗಿದರು. ಲೋಟ ಗಂಡಸರ ಸಾಲಿನಲ್ಲಿ ಬರುತ್ತ ಬರುತ್ತ ಅವರ ಪಕ್ಕದ ಗೋಪಾಲಪ್ಪನ ಕೈಗೆ ಬಂತು. ಅವನು ಕುಡಿದು, ಒಂದು ಕ್ಷಣ ತಡೆದು, ಲೋಟದ ಅಂಚನ್ನು ಪಂಚೆಯಿಂದ ಒರೆಸಲು ಹೋದ.

"ಒರೆಸ್ಬೇಡ ಕಣಪ್ಪಾ," ಎಂದರು ವೆಂಕಟರಾಯಪ್ಪ. ಗಂಟಲಿಂದ ಬರಿಯ ಗಾಳಿಯೇ ಬಂದಂತಿತ್ತು.

"ನಿಮಗೂ ಸೇರಿ," ಎಂದ ಗೋಪಾಲಪ್ಪ.

ಅವರು ಕುಡಿದರು. ಮುಖ ಹಿಂಡಲಿಲ್ಲ. ನುಂಗುವಾಗ ನೋವಿಗೆ ಕಣ್ಣು ಮುಚ್ಚಿಕೊಂಡಿತು, ಅಷ್ಟೆ. ಮಾರಕ್ಕ ಕಣ್ಣು ಕೀಳದೆ ನೋಡಿದಳು. ಅವಳು ಹುಡುಕಿದ್ದು ಅಲ್ಲಿರಲಿಲ್ಲ.

ಲೋಟ ಹಿಡಿದುಕೊಂಡೇ ಅವರು ಅವಳ ಕಡೆ ತಿರುಗಿದರು.

"ಅವತ್ತು ಕಾರಿನ ಸೀಟಿನ ಮೇಲೆ ಪ್ಲಾಸ್ಟಿಕ್ ಇತ್ತು ಕಣಮ್ಮ. ಇನ್ನೂ ತೆಗ್ದಿರ್ಲಿಲ್ಲ ನಾನು. ನಿಮ್ಮೋರು ಕೂತ್ರೆ... ಹಂಗೆ ಅನ್ನಿಸ್ತು ನಂಗೆ. ಪಿಳ್ಳಣ್ಣನ ಕಾಲು ನೋಡ್ದೆ, ಸೀಟು ನೋಡ್ದೆ. ಟ್ರ್ಯಾಕ್ಟರ್ ಅಂದ್ಬಿಟ್ಟೆ."

ಈತ ಮರೆತಿದ್ದಾನೆ ಎಂದುಕೊಂಡೇ ಮಾರಕ್ಕ ಇಷ್ಟು ವರ್ಷ ಬದುಕಿದ್ದಳು. ಮರೆತವನನ್ನು ದ್ವೇಷಿಸುವುದು ಅವಳಿಗೆ ರೂಢಿಯಾಗಿತ್ತು. ನೆನಪಿಟ್ಟುಕೊಂಡವನನ್ನು ಏನು ಮಾಡಬೇಕೋ ಅವಳಿಗೆ ತಿಳಿಯಲಿಲ್ಲ. ಅವರ ಕೈಯ ಲೋಟ ವಾಲಿ ರಸ ಚಾಪೆಯ ಮೇಲೆ ಚೆಲ್ಲುವಂತಾದಾಗ, ಲೋಟದ ತಳಕ್ಕೆ ತನ್ನ ಅಂಗೈ ಕೊಟ್ಟು ತಡೆದಳು. ಅಷ್ಟು ಮಾಡಿದಳು.

"ನಿನಗೂ ಸೇರಿ, ಮಾರಕ್ಕ," ಎಂದರು ವೆಂಕಟರಾಯಪ್ಪ.

ಎಲ್ಲರೂ ಅವಳನ್ನೇ ನೋಡುತ್ತಿದ್ದರು. ಮೂರ್ತಿ ಕಣ್ಣು ಮುಚ್ಚಿಕೊಂಡು ತುಟಿಯಾಡಿಸುತ್ತಿದ್ದ.

"ಆ ದೇವರು ನಿಮ್ಮನ್ನ ಸೇರಿಸ್ಕೊಂಡಿದ್ರೆ ಸೇರಿಸ್ಕೊಳ್ಳಲಿ ಯಜಮಾನ್ರೆ, ಅವನಿಷ್ಟ," ಎಂದಳು ಮಾರಕ್ಕ. "ನಾನು ಕುಡಿಯಲ್ಲ."