ಮಂಗಳಕ್ಕೆ ಹೆಂಡತಿಯ ಒಪ್ಪಿಗೆ

ಪೈಪು ಕೆಮ್ಮುತ್ತಿದೆ, ಬರೀ ಗಾಳಿ, ಇನ್ನೇನು ಬರಬೇಕು — ಬಂತು, ಮೊದಲು ತುಕ್ಕಿನ ಬಣ್ಣ, ಆಮೇಲೆ ಮಣ್ಣಿನ ಬಣ್ಣ, ಆಮೇಲೆ ನೀರು. ಏಳು ಗಂಟೆಗೆ ಬರಬೇಕಾದ ಲಾರಿ ಹನ್ನೊಂದಕ್ಕೆ ಬಂದು ಕೆಳಗಿನ ಸಂಪಿನೊಳಗೆ ಸುರಿದು ಹೋಗಿದೆ, ಮೋಟಾರು ಓಡುವುದು ಅರ್ಧ ಗಂಟೆ, ಬಿಂದಿಗೆ ಎರಡು, ಬಕೆಟ್ಟು ನಾಲ್ಕು, ಕೊನೆಗೆ ಆ ನೀಲಿ ಡ್ರಮ್ಮು, ಸರಿಯಾಗಿ ಇದೇ ಅರ್ಧ ಗಂಟೆಯಲ್ಲಿ ಆ ಹೆಂಗಸು ಫೋನು ಮಾಡಬೇಕೇ, ಆಯ್ಕೆ ಸಮಿತಿಯ ಮನಶ್ಶಾಸ್ತ್ರಜ್ಞೆಯಂತೆ, ಹನ್ನೊಂದೂಕಾಲಿಗೆ ನಿನ್ ಹತ್ರ ಮಾತಾಡ್ತಾರೆ ಬೃಂದಾ, ಎಲ್ಲಾ ನಿನ್ ಕೈಲಿದೆ, ಅಂದರು ಇವರು, ನನ್ನ ಕೈಲಿ ಸದ್ಯಕ್ಕೆ ಬಿಂದಿಗೆ ಇದೆ, ಸ್ವಲ್ಪ ಹಿಡಿದುಕೊಳ್ಳಿ ಅಂದರೆ ಶರ್ಟು ಇಸ್ತ್ರಿ ಮಾಡುತ್ತಿದ್ದಾರೆ, ಫೋನು ಬರುವುದು ನನಗೆ, ಇಸ್ತ್ರಿ ಇವರ ಶರ್ಟಿಗೆ. ಕಟ್ಟಿಕೊಂಡ ಗಂಡ, ಗುರುಚರಣ, ಕೊಳಚೆ ನೀರನ್ನು ಕುಡಿಯುವ ನೀರು ಮಾಡುವ ಎಂಜಿನಿಯರು, ಮಂಗಳ ಗ್ರಹದ ತಾಲೀಮಿಗೆ ಅರ್ಜಿ ಹಾಕಿದ್ದಾರೆ, ಗುಜರಾತಿನ ಉಪ್ಪಿನ ಬಯಲಲ್ಲಿ ಒಂದು ಬಿಳಿ ಗುಮ್ಮಟ, ಒಳಗೆ ಆರು ಜನ, ಎಂಟು ತಿಂಗಳು ಬಾಗಿಲು ತೆಗೆಯುವ ಹಾಗಿಲ್ಲ, ಅಲ್ಲಿ ಬದುಕಿ ತೋರಿಸಿದರೆ ನಾಳೆ ಮನುಷ್ಯರು ಮಂಗಳದಲ್ಲೂ ಮನೆ ಮಾಡಬಹುದಂತೆ, ತಲೆಗೆ ದಿನಕ್ಕೆ ಹನ್ನೊಂದು ಲೀಟರು ನೀರಂತೆ, ಅದನ್ನೇನೋ ದೊಡ್ಡ ತಪಸ್ಸು ಎನ್ನುವಂತೆ ಹೇಳುತ್ತಾರೆ, ಈ ತಮಿಳು ಊರಲ್ಲಿ, ನಮ್ಮ ವೆಸ್ಟ್ ಮಾಂಬಲಂನಲ್ಲಿ ಎರಡು ಬೇಸಿಗೆ ನಾವು ಅಷ್ಟರಲ್ಲೇ ಕಳೆದೆವು, ನಮಗೆ ಯಾರೂ ಗುಮ್ಮಟ ಕಟ್ಟಲಿಲ್ಲ. ಉಚ್ಚೆಯನ್ನೂ ಸೋಸಿ ಕುಡೀತೀವಿ ಅಮ್ಮಾ, ಒಂದು ಹನಿ ಹಾಳಾಗಲ್ಲ, ಎಂದು ಇವರು ಅಂದಾಗ ಅತ್ತೆ ವೀಳ್ಯದೆಲೆ ಬಾಯಿಗೆ ಹಾಕಿಕೊಳ್ಳುವುದನ್ನೇ ನಿಲ್ಲಿಸಿ, ಉಚ್ಚೆ ಕುಡ್ಯಾಕೆ ಅಷ್ಟ್ ದೂರ ಹೋಗ್ಬೇಕೇನ್ಲಾ ಮಗ, ಅಂದರು, ಮೌನ, ನಮ್ಮ ಮಗಳು, ಹೋಂವರ್ಕಿನಿಂದ ತಲೆ ಎತ್ತದೆ ಸ್ಕೂಲಿನ ತಮಿಳಲ್ಲಿ ಅಜ್ಜಿಗೆ, ಪಾಟಿ, ಅಪ್ಪಾ ಮಾರ್ಸ್‌ಕ್ಕು ಪೋಗಲೆ, ಗುಜರಾತ್‌ಕ್ಕುತಾನ್ ಪೋರಾರ್, ಅಂದಳು, ಅಪ್ಪ ಹೋಗುವುದು ಮಂಗಳಕ್ಕಲ್ಲ, ಬರೀ ಗುಜರಾತಿಗೆ ಅಂತ, ನಾನು ನಕ್ಕುಬಿಟ್ಟೆ, ಇವರು ಎರಡು ದಿನ ಮುಖ ಊದಿಸಿಕೊಂಡಿದ್ದರು.

ಎರಡನೇ ಬಕೆಟ್ಟು ತುಂಬಿತು, ಮೂರನೆಯದು — ನಗಬಾರದಿತ್ತು, ಇವರದು ನಾಟಕವಲ್ಲ, ಅದು ನನಗೆ ಗೊತ್ತು. ಭೂಮಿ ಕಥೆ ಮುಗೀತು ಬೃಂದಾ, ಡಿಸೆಂಬರಲ್ಲಿ ಮುಳುಗ್ತೀವಿ, ಮೇ ತಿಂಗಳಲ್ಲಿ ಒಣಗ್ತೀವಿ, ಅದೂ ಒಂದೇ ಊರಲ್ಲಿ, ಯಾರಾದ್ರೂ ಬೇರೆ ಜಾಗ ನೋಡ್ಬೇಕಲ್ವಾ, ಅನ್ನುತ್ತಾರೆ. ಊರು ಮುಳುಗಿದ ಆ ಡಿಸೆಂಬರಿನಲ್ಲಿ ಮೆಟ್ಟಿಲ ಮೇಲೆ ಕೂತು, ಕೆಳಗೆ ಸ್ಕೂಟರುಗಳನ್ನೆಲ್ಲ ನುಂಗಿ ನಿಂತ ಕಪ್ಪು ನೀರು ನೋಡುತ್ತಾ ಇವರು ಅತ್ತಿದ್ದನ್ನು ನಾನು ಕಂಡಿದ್ದೇನೆ, ಹೆಗಲು ಕುಲುಕಿಸಿಕೊಂಡು ಅತ್ತರು, ನನಗೂ ಅಳು ಬಂತು, ಬೆನ್ನು ಸವರಿದೆ, ಆಮೇಲೆ ನೀರಿಳಿಯಿತು, ಇವರು ಒಳಗೆ ಹೋಗಿ ಲ್ಯಾಪ್‌ಟಾಪ್ ತೆರೆದರು, ಕೆಸರು ಎತ್ತಿ ಹಾಕಿದ್ದು ನಾನೂ ಕೆಳಮನೆಯ ಮಾಧವಿಯೂ, ಮೂರು ದಿನ, ಉಗುರ ಸಂದಿಯ ಕಪ್ಪು ಸಂಕ್ರಾಂತಿಯವರೆಗೂ ಹೋಗಲಿಲ್ಲ. ನಮ್ಮ ಫ್ಲಷ್ ಟ್ಯಾಂಕು ಹದಿನಾಲ್ಕು ತಿಂಗಳಿಂದ ಸೋರುತ್ತಿದೆ, ಒಳಗಿನ ಮುಚ್ಚಳವನ್ನು ನಾನು ದಾರದಲ್ಲಿ ಬಿಗಿದು ಇಟ್ಟಿದ್ದೇನೆ, ನೋಡೋಣ ಬಿಡು, ಭಾನುವಾರ, ಅನ್ನುತ್ತಾರೆ, ಭಾನುವಾರ ಬರುತ್ತದೆ, ಮಂಗಳದ ಮೇಲೆ ಒಂದು ವಿಡಿಯೋ ಬರುತ್ತದೆ. ಫ್ರಿಜ್ಜಿನ ಮೇಲೆ ಚೀಟಿ ಅಂಟಿಸಿದ್ದಾರೆ, ನಾನು ಹೇಳಬೇಕಾದ ಉತ್ತರಗಳು, ಒಂದು, ನನಗೆ ಹೆಮ್ಮೆ ಇದೆ, ಎರಡು, ನಾವು ನಿಭಾಯಿಸುತ್ತೇವೆ — ನಿಭಾಯಿಸುತ್ತೇವಂತೆ. ಹೋಗಬೇಡಿ ಎಂದು ನಾನು ಬಾಯಿಬಿಟ್ಟು ಹೇಳಿಲ್ಲ, ಹೇಳಬೇಕೇ, ಹನ್ನೆರಡು ವರ್ಷ ಪಕ್ಕದಲ್ಲಿ ಮಲಗಿದವರಿಗೆ ಅಷ್ಟೂ ತಿಳಿಯಬಾರದೇ, ನನಗೆ ಇವರು ಬೇಕು, ಈ ಮನೆಯಲ್ಲಿ ಬೇಕು, ಸಿಟ್ಟು ಅದಕ್ಕೇ, ಬೇಡದಿದ್ದರೆ ಸಿಟ್ಟಾದರೂ ಯಾಕೆ ಬರುತ್ತಿತ್ತು.

ಪೈಪನ್ನು ಡ್ರಮ್ಮಿಗೆ ಹಾಕಿದೆ, ಫೋನು, ಸೆರಗಿಗೆ ಕೈ ಒರೆಸಿಕೊಂಡು ಅಡುಗೆಮನೆಯ ಬಾಗಿಲಿಗೆ ಬಂದೆ, ಇವರು ಗರಿಗರಿ ಶರ್ಟಿನಲ್ಲಿ ಬಂದು ಡ್ರಮ್ಮಿನ ಪಕ್ಕ ನಿಂತರು, ಬರಿಗಾಲು, ನನ್ನ ಮುಖವನ್ನೇ ನೋಡುತ್ತಾ ಫ್ರಿಜ್ಜಿನ ಚೀಟಿಯ ಕಡೆ ಬೆರಳು ತೋರಿಸುತ್ತಿದ್ದಾರೆ. ಆ ಹೆಂಗಸಿನದು ನಿಧಾನದ ಇಂಗ್ಲಿಷು, ಒಳ್ಳೆಯ ದನಿ, ಒಂದೇ ಪ್ರಶ್ನೆ ಮೇಡಂ, ಅವರಿಲ್ಲದಿದ್ದರೆ ಮನೆಯಲ್ಲಿ ಯಾವ ಕೆಲಸ ನಿಂತುಹೋಗುತ್ತದೆ, ಒಂದು ಹೇಳಿದರೂ ಸಾಕು, ಮನೆಯವರಿಗೆ ತೊಂದರೆ ಆಗುವುದಾದರೆ ನಾವು ಕರೆದುಕೊಳ್ಳುವುದಿಲ್ಲ. ಒಂದೇ ಸಾಕಂತೆ, ಸುಲಭ, ಅತ್ತೆಯ ಬಿಪಿ ಮಾತ್ರೆ — ನಾನು, ಮೌನಳ ಸ್ಕೂಲ್ ವ್ಯಾನು — ನಾನು, ಗ್ಯಾಸು, ರೇಷನ್ನು, ಲಾರಿಯವನಿಗೆ ಫೋನು — ನಾನು, ನಾನು, ಅಲ್ಲ, ಏನೋ ಒಂದು ಇರಲೇಬೇಕು, ಹನ್ನೆರಡು ವರ್ಷದಲ್ಲಿ, ಸೊಳ್ಳೆ ಬತ್ತಿಯಾದರೂ, ಅದೂ ಅತ್ತೆ ಹಚ್ಚುತ್ತಾರೆ, ಸುಳ್ಳು ಹೇಳಿದರೆ ಇವರು ಉಳಿಯುತ್ತಾರೆ, ಒಂದು ಸುಳ್ಳು, ನಾಲಿಗೆ ಏಳುತ್ತಿಲ್ಲ — ಡ್ರಮ್ಮು ತುಂಬಿತು, ಅಂಚು ದಾಟಿ ಇಳಿಯುತ್ತಿದೆ, ನಲ್ಲಿ ಇವರ ಮೊಣಕೈಯ ಹತ್ತಿರವೇ ಇದೆ, ತಿರುಗಿಸಿ, ತಿರುಗಿಸಿ ಅಂದ್ರೆ, ನೀವೊಮ್ಮೆ ಅದನ್ನು ತಿರುಗಿಸಿದರೆ ಸಾಕು, ಇವರಿಲ್ಲದೆ ನಡೆಯುವುದಿಲ್ಲ ಮೇಡಂ, ಕಳಿಸಲ್ಲ ಎಂದು ಅತ್ತಾದರೂ ಹೇಳುತ್ತೇನೆ, ನೀರು ಇವರ ಪಾದಕ್ಕೆ ತಗುಲಿತು, ಕೆಳಗೆ ನೋಡಿದರು, ನೋಡಿದರು, ನೋಡಿ ಒಂದು ಹೆಜ್ಜೆ ಪಕ್ಕಕ್ಕೆ ಸರಿದು ಒಣ ಜಾಗದಲ್ಲಿ ನಿಂತುಕೊಂಡರು. ಹಲೋ ಮೇಡಂ, ಕೇಳಿಸ್ತಿದೆಯಾ. ಕೇಳಿಸ್ತಿದೆ. ಯಾವ ಕೆಲಸವೂ ನಿಲ್ಲಲ್ಲ, ಕರ್ಕೊಂಡ್ ಹೋಗಿ, ಅಂದೆ, ನಾನೇ ಅಂದೆನೇ, ಇವರ ಮುಖ ಅರಳುತ್ತಿದೆ, ನೀರು ಇನ್ನೂ ಹರಿದು ಬರುತ್ತಿದೆ, ಇವರ ಕಾಲ್ಬೆರಳಿನವರೆಗೆ ಬಂತು, ಇನ್ನೊಂದು ಹೆಜ್ಜೆ, ಒಣ ಜಾಗಕ್ಕೆ, ಇನ್ನೊಂದು —